ಸೋದರಮಾವನಿಗೆ ಇಲ್ಲದ ರಿಯಾಯಿತಿ

ನನ್ನ ಮೊಮ್ಮಗಳಿಗೆ ಮೂಡಬಿದಿರೆಯ ಒಂದು ಆಸ್ಪತ್ರೆಯಲ್ಲಿ ಕೆಲಸವಾಯಿತು. ಸೊಂಟ ಹಿಡಿದವರನ್ನು, ಕೈಕಾಲಿನ ಬಲ ಹೋದವರನ್ನು ಮತ್ತೆ ನಡೆಸುವ ಕೆಲಸ. ಅದಕ್ಕೆ ಫಿಸಿಯೊಥೆರಪಿ ಎನ್ನುತ್ತಾರೆ. ಆ ಶಬ್ದ ನನ್ನ ಬಾಯಿಯಲ್ಲಿ ನೆಟ್ಟಗೆ ಕೂರಲು ಎರಡು ದಿನ ಬೇಕಾಯಿತು. ಕೂತ ಮೇಲೆ ನಾನು ಯಾರನ್ನೂ ಬಿಡಲಿಲ್ಲ. ಬಸ್ಸಿನ ಕಂಡಕ್ಟರನಿಗೆ ಹೇಳಿದೆ, ಹಾಲಿನ ಡಿಪೋದಲ್ಲಿ ಸಾಲು ನಿಂತವರಿಗೆಲ್ಲ ಹೇಳಿದೆ. ಮೀನಿನವಳು, ನಿನ್ನೆಯೂ ಇದನ್ನೇ ಹೇಳಿದಿರಲ್ಲ ಎಂದಳು. ಇವತ್ತೂ ಕೇಳು ಎಂದೆ.

ಹೀಗೆ ಹೇಳಿಕೊಂಡು ತಿರುಗುವಾಗೆಲ್ಲ, ಹಿಂದೆ ಯಾರೋ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಯಾರೋ ಏನು, ನನ್ನ ಮಗಳೇ. ಈ ಹುಡುಗಿಯ ತಾಯಿ.

ಅವಳು ಕಾಮಾಲೆಯಲ್ಲಿ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷ. ಮಗುವಿನ ಅಪ್ಪ ಗಲ್ಫಿನಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡ. ಕೊನೆಯ ದಿನ ಮಗಳು ನನ್ನ ಮಣಿಕಟ್ಟು ಹಿಡಿದು, "ಯಾರು ಸಾಕಿದರೂ ಅವಳು ನನ್ನ ಮಗಳು ಅಂತಲೇ ಇರ್ಲಿ ಅಮ್ಮ" ಎಂದಿದ್ದಳು. ಸಾಕಿದವನು ನನ್ನ ಮಗ, ಅವಳ ತಮ್ಮ. ಅದರಲ್ಲಿ ದೊಡ್ಡ ಉಪಕಾರವೇನೂ ಇಲ್ಲ, ನಮ್ಮ ಕಡೆ ಅಕ್ಕನ ಮಕ್ಕಳು ಸೋದರಮಾವನ ಪಾಲಿಗೇ ಸೇರಿದವರು. ಬೆಳ್ತಂಗಡಿಯ ಹತ್ತಿರ ಸರಕಾರಿ ಶಾಲೆಯಲ್ಲಿ ಅವನು ಮೇಷ್ಟ್ರು. ಹುಡುಗಿಗೆ ಕಾಲೇಜಿನ ಸೀಟು ಸಿಕ್ಕಿದಾಗ ಬಂಟ್ವಾಳದ ಬ್ಯಾಂಕಿನಲ್ಲಿ ತನ್ನ ಹೆಸರಿನಲ್ಲೇ ಸಾಲ ತೆಗೆಯಲು ಹೊರಟ.

ಆಗ ಅವನ ತೆರಿಗೆ ಕಾಗದ ನೋಡುವವರು ಒಂದು ಸಂಗತಿ ಹೇಳಿದರಂತೆ. ಓದಿನ ಸಾಲದ ಬಡ್ಡಿಗೆ ತೆರಿಗೆಯಲ್ಲಿ ರಿಯಾಯಿತಿ ಉಂಟು, ಆದರೆ ಸಾಲ ತಾನು ಓದುವುದಕ್ಕೆ, ಇಲ್ಲವೇ ಹೆಂಡತಿಗೆ, ಮಕ್ಕಳಿಗೆ ಆಗಿರಬೇಕು. ಅಕ್ಕನ ಮಗಳಿಗೆ ಇಲ್ಲ. ಕೋರ್ಟಿನಿಂದ ಗಾರ್ಡಿಯನ್ ಎಂದು ಕಾಗದ ಮಾಡಿಸಿಕೊಂಡರೆ ಮಾತ್ರ ಆದೀತು, ಅದೂ ಅವಳಿಗೆ ಹದಿನೆಂಟು ತುಂಬುವ ಮೊದಲು. ತುಂಬಲು ಆರೇಳು ತಿಂಗಳಿತ್ತು. ವಕೀಲರು ಬರೆದುಕೊಟ್ಟದ್ದನ್ನು ಮಗ ಮನೆಗೆ ತಂದು ನನಗೆ ಓದಿ ಹೇಳಿದ. ತಾಯಿ ಇಲ್ಲ, ತಂದೆ ಬಿಟ್ಟಿದ್ದಾರೆ, ಇನ್ನು ಈ ಹುಡುಗಿಗೆ ಎಲ್ಲದಕ್ಕೂ ಅರ್ಜಿದಾರನೇ ಎಂದು ಅದರಲ್ಲಿತ್ತು.

ತಾಯಿ ಇಲ್ಲ ಎಂಬಲ್ಲಿಗೇ ನನ್ನ ಕಿವಿ ನಿಂತುಹೋಯಿತು. ಮಣಿಕಟ್ಟಿನಲ್ಲಿ ಆ ಬಿಸಿ ಬೆರಳುಗಳು ಮತ್ತೆ ಹಿಡಿದ ಹಾಗಾಯಿತು. ಬೇಡ ಎಂದೆ. ಮಗ ಕಾಗದ ಮಡಚಿ ಕಿಸೆಗೆ ಹಾಕಿ, ರಿಯಾಯಿತಿ ಇಲ್ಲದೆಯೇ ಸಾಲ ತೆಗೆದ.

ಮೂರನೇ ಕ್ಲಾಸು ಓದಿದವಳು ನಾನು. ಒಂದು ಬೇಡ ಎಂಬುದಕ್ಕೆ ವರ್ಷ ವರ್ಷವೂ ಸಂಬಳದಲ್ಲಿ ತೆರಿಗೆ ಹಿಡಿಯುತ್ತಾರೆ ಎಂದು ಆಗ ಗೊತ್ತಿರಲಿಲ್ಲ. ಮಗನ ಸ್ಕೂಟರಿನ ಸ್ಟಾರ್ಟ್ ಬಟನ್ ಹಾಳಾಗಿತ್ತು. ರಿಪೇರಿ ಮಾಡಿಸು ಎಂದರೆ ಮುಂದಿನ ವರ್ಷ ನೋಡುವ ಎನ್ನುತ್ತಿದ್ದ. ಬೆಳಿಗ್ಗೆ ಅಂಗಳದಲ್ಲಿ ಅವನು ಕಿಕ್ಕರ್ ತುಳಿಯುವಾಗ ನಾನು ಅಡುಗೆಮನೆಯಲ್ಲಿ ಉಸಿರು ಹಿಡಿದು ಕಾಯುತ್ತಿದ್ದೆ. ಆ ಹೊತ್ತಿಗೆ ಬೆನ್ನ ಹಿಂದೆ ಸೀರೆಯ ಸದ್ದು ಕೇಳಿಸುತ್ತಿತ್ತು. ತಿರುಗಿದರೆ ಯಾರೂ ಇರುತ್ತಿರಲಿಲ್ಲ. ನಿನ್ನ ಮಾತು ಉಳಿಸಿದ್ದೇನೆ, ಪೆಟ್ಟು ತಿನ್ನುವವನು ನಿನ್ನ ತಮ್ಮ ಎಂದು ಗೋಡೆಗೆ ಹೇಳುತ್ತಿದ್ದೆ.

ಕೆಲಸ ಸಿಕ್ಕಿದ ವಾರವೇ, ಚುನಾವಣೆ ಮುಗಿದ ಮೇಲಿನ ಬಜೆಟ್ ಬಂತು. ಲಡ್ಡು ಕಟ್ಟಿಸಿಕೊಳ್ಳಲು ವಾಮದಪದವಿನ ಹೋಟೆಲಿಗೆ ಹೋದರೆ ಅಲ್ಲಿ ಎರಡು ಪಾರ್ಟಿಯವರ ಜಗಳ. ಅದೂ ಇದೇ ವಿಷಯಕ್ಕೆ. ಹೊಸ ಪದ್ಧತಿಯಲ್ಲಿ ಓದಿನ ಸಾಲಕ್ಕೆ ರಿಯಾಯಿತಿಯನ್ನೇ ತೆಗೆದಿದ್ದಾರೆ, ಮಕ್ಕಳನ್ನು ಓದಿಸಿದವರ ಹೊಟ್ಟೆಗೆ ಹೊಡೆದರು ಎಂದು ಒಬ್ಬ. ಅದರಲ್ಲಿ ತೆರಿಗೆಯೇ ಕಡಿಮೆ, ಬೇಕಾದವರಿಗೆ ಹಳೆಯದು ಉಂಟಲ್ಲ ಎಂದು ಇನ್ನೊಬ್ಬ. ಚಹಾ ಸೋಸುತ್ತಿದ್ದ ಹೋಟೆಲಿನವನು ಮಧ್ಯೆ ಬಾಯಿ ಹಾಕಿದ. "ನಿಮ್ಮದು ಇಬ್ಬರದೂ ಸಂಬಳದವರ ಚಿಂತೆ ಮಾರಾಯ್ರೆ. ಬೀಡಿ ಕಟ್ಟಿ ಓದಿಸಿದವಳಿಗೆ ತೆರಿಗೆಯೇ ಇಲ್ಲ, ಅವಳಿಗೆ ಎಂತದರ ರಿಯಾಯಿತಿ?"

ನನಗೆ ಸುಮ್ಮನಿರಲು ಆಗಲಿಲ್ಲ. "ಸೋದರಮಾವ ಓದಿಸಿದ್ರೆ ಉಂಟಾ?" ಎಂದು ಕೇಳಿದೆ.

ಮೊದಲನೆಯವನು ತಲೆ ಕೆರೆದುಕೊಂಡ. "ಅದು ನಮ್ಮ ಬೇಡಿಕೆಯಲ್ಲಿ ಬರುವುದಿಲ್ಲ ಅಜ್ಜಿ."

"ಇವನ ಬೇಡಿಕೆಯಲ್ಲಿ ಇವನದ್ದೇ ಮಾವ ಇಲ್ಲ," ಎಂದ ಎರಡನೆಯವನು. "ಇವನ ಫೀಸು ಕಟ್ಟಿದ್ದು ಯಾವ ಮಾವ ಅಂತ ಕೇಳಿ."

ಎಲ್ಲರೂ ನಕ್ಕರು, ಮೊದಲನೆಯವನೂ ನಕ್ಕ. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಮಗನಿಗಾದದ್ದನ್ನು ನಾನು ಒಂದು ಸಲವೂ ಬಾಯಿಬಿಟ್ಟು ಕೇಳಿರಲಿಲ್ಲ. ಊರಿನ ಹೋಟೆಲಿನಲ್ಲಿ ಕೇಳಿದೆ, ಅವನ ಹತ್ತಿರ ಕೇಳಲಿಲ್ಲ.

ಅದು ಆಟಿ ತಿಂಗಳು ಬೇರೆ, ನಮ್ಮ ತುಳುವರ ಆಷಾಢ. ಆಟಿಯಲ್ಲಿ ಒಂದು ದಿನ ನಾವು ಸತ್ತವರಿಗೆ ಬಡಿಸುತ್ತೇವೆ. ಒಳಕೋಣೆಯಲ್ಲಿ ದೀಪ ಇಟ್ಟು, ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ ಬಾಗಿಲು ಎಳೆದುಕೊಂಡು ಹೊರಗೆ ಬರುವುದು. ಅವರು ಉಣ್ಣುವಷ್ಟು ಹೊತ್ತು ಮನೆಯವರು ಸದ್ದಿಲ್ಲದೆ ಕಾಯಬೇಕು. ಆ ಸಂಜೆ ಮಗಳಿಗೆ ನೀರುದೋಸೆ, ಕೋಳಿಸಾರು ಬಡಿಸಿದೆ. ಹೊರಗೆ ಮಗ, ಮೊಮ್ಮಗಳು, ನಾನು ನಿಂತಿದ್ದೆವು. ಒಳಗೆ ನೆಲದ ಮೇಲೆ ಲೋಟ ಸರಿದ ಹಾಗೆ ಕೇಳಿಸಿತು. ಉಳಿದವರಿಗೆ ಕೇಳಿಸಿತೋ ಇಲ್ಲವೋ ನಾನು ವಿಚಾರಿಸಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಆ ಕೋರ್ಟಿನ ಕಾಗದ ಬೇಡ ಅಂತ ಹೇಳಿದ್ದು ನಾನು. ನಿನಗೆ ತುಂಬ ನಷ್ಟ ಆಯ್ತಲ್ಲ ಮಗ?"

ಅವನು ಬಾಗಿಲನ್ನೇ ನೋಡುತ್ತಿದ್ದ.

"ಆಯ್ತು. ಸುಳ್ಳು ಯಾಕೆ ಹೇಳ್ಲಿ?" ಎಂದ. ಆಮೇಲೆ ದನಿ ತಗ್ಗಿಸಿದ. "ಅಕ್ಕ ಊಟ ಮಾಡುವಾಗ ಆ ಮಾತು ಬೇಡ ಅಮ್ಮ. ಅವಳಿಗೆ ಗಂಟಲಲ್ಲಿ ಇಳಿಯಲಿಕ್ಕಿಲ್ಲ."

ಯಾವ ಕಾಗದ ಎಂದು ಹುಡುಗಿ ಕೇಳಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಪಿಸುಮಾತಿನಲ್ಲೇ ಹೇಳಿದೆ, ಮಣಿಕಟ್ಟು ಹಿಡಿದದ್ದನ್ನೂ ಹೇಳಿದೆ. ಅವಳು ಮಾವನ ಮುಖ ನೋಡಿದಳು. ಅವನು ಕನ್ನಡಕ ತೆಗೆದು ಒರೆಸುತ್ತಾ ಆ ಕಡೆ ತಿರುಗಿಬಿಟ್ಟ.

ಹೊತ್ತಾದ ಮೇಲೆ ಬಾಗಿಲು ತಟ್ಟಿ ತೆರೆಯುವುದು ಯಾವಾಗಲೂ ನಾನೇ. ಕೈ ಎತ್ತುವಷ್ಟರಲ್ಲಿ ಹುಡುಗಿ, "ಅಜ್ಜಿ, ಈ ಸಲ ನಾನು" ಎಂದು ಮುಂದೆ ಬಂದಳು. ಮೂರು ಸಲ ತಟ್ಟಿದಳು. ನನ್ನನ್ನು ಅಜ್ಜಿ ಎಂದು, ಅವನನ್ನು ಮಾವ ಎಂದು ಕರೆದು ಬೆಳೆದವಳು. ಅಮ್ಮ ಎಂಬ ಶಬ್ದವನ್ನು ಅವಳು ಯಾರಿಗೂ ಹೇಳಿದ್ದು ನಾನು ಕೇಳಿರಲಿಲ್ಲ.

"ಅಮ್ಮ, ಒಳಗೆ ಬರ್ತೇನೆ," ಎಂದಳು.

ಒಳಗೆ ಹೋಗಿ ಬಾಗಿಲು ಮತ್ತೆ ಎಳೆದುಕೊಂಡಳು. ಮಗ, ನಾನು ಹೊರಗೇ ನಿಂತೆವು. ಆಸ್ಪತ್ರೆ, ಮೂಡಬಿದಿರೆ, ಬೆಳಗಿನ ಬಸ್ಸು ಎಂದೆಲ್ಲ ಅವಳು ಮಾತಾಡುವುದು ಕೇಳಿಸುತ್ತಿತ್ತು. ನಡುನಡುವೆ ನಿಲ್ಲಿಸುತ್ತಿದ್ದಳು, ಆಚೆಯಿಂದ ಯಾರೋ ಏನೋ ಕೇಳಿದ ಹಾಗೆ. ಮತ್ತೆ ಉತ್ತರ ಕೊಡುತ್ತಿದ್ದಳು.