ಟೈಲರ್ ಚಾಚಾನ ಮುಂದೆ ಸೋತ ದಿನ

ಹೋದ ವಾರ ನನ್ನ ಹೆಂಡತಿ ಪರದೆ ಹೊಲಿಯಲೆಂದು ಅಟ್ಟದ ಮೇಲಿದ್ದ ಮೆಷಿನ್ ಇಳಿಸಿ, ಒರೆಸಿ, ಎಣ್ಣೆ ಬಿಟ್ಟಳು. ಆ ವಾಸನೆ ಒಗ್ಗರಣೆಯ ವಾಸನೆಯನ್ನೂ ದಾಟಿ ಹಜಾರಕ್ಕೆ ಬಂತು. ಓದುತ್ತಿದ್ದ ಪೇಪರ್ ಮಡಚಿಟ್ಟು ಹೊರಗೆ ಹೋಗಿ ನಿಂತುಬಿಟ್ಟೆ. ಹತ್ತೊಂಬತ್ತು ವರ್ಷ ಆ ವಾಸನೆಯ ಪಕ್ಕದಲ್ಲೇ ಕೂತು ವ್ಯಾಪಾರ ಮಾಡಿದವನು ನಾನು...

ಲೋಕಿಕೆರೆಯಿಂದ ಸೈಕಲ್ ಮೇಲೆ ಟವೆಲ್ಲು, ಲುಂಗಿ ಹೇರಿಕೊಂಡು ಊರೂರು ತಿರುಗಿ ಮಾರಿದವನು, ಕೊನೆಗೊಂದು ದಿನ ದಾವಣಗೆರೆಯಲ್ಲಿ ಸ್ವಂತ ಬಟ್ಟೆ ಅಂಗಡಿ ಹಾಕಿದೆ. ಅಂಗಡಿ ಕಟ್ಟೆಯ ಮೇಲೆ ಮೆಷಿನ್ ಇಟ್ಟುಕೊಳ್ಳುತ್ತೇನೆಂದು ಕೇಳಿಕೊಂಡು ಬಂದವರು ಟೈಲರ್ ಚಾಚಾ. ಹರಿಹರದವರು. ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವರು. ಬಟ್ಟೆ ಅಂಗಡಿ ಇಡುವವರಿಗೆ ನನ್ನದೊಂದು ಬುದ್ಧಿಮಾತು: ಕಟ್ಟೆಗೆ ಬಾಡಿಗೆ ಕೇಳಬೇಡಿ, ಒಳ್ಳೆಯ ಟೈಲರನ್ನು ಕೂರಿಸಿ. ಸೀರೆಗೆ ಫಾಲು ಹಚ್ಚಿಸಲು ಬಂದವಳು ಒಳಗೊಮ್ಮೆ ಕಣ್ಣು ಹಾಯಿಸದೆ ಹೋಗುವುದಿಲ್ಲ. ಅಷ್ಟು ಯೋಚಿಸಿಯೇ ಜಾಗ ಕೊಟ್ಟೆ. ನಾನು ಯೋಚಿಸದೇ ಇದ್ದದ್ದು ಅವರ ವಾದ.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಶುರುವಾಗುತ್ತಿತ್ತು. ಬೆಣ್ಣೆದೋಸೆಗೆ ಬೆಣ್ಣೆ ಯಾವಾಗ ಹಾಕಬೇಕು, ಸೀರಿಯಲ್ಲಿನ ಅತ್ತೆ ಮಲಗುವಾಗಲೂ ಒಡವೆ ಯಾಕೆ ಬಿಚ್ಚುವುದಿಲ್ಲ, ಒಬ್ಬರು ಆಕಳಿಸಿದರೆ ಪಕ್ಕದವರಿಗೂ ಯಾಕೆ ಬರುತ್ತದೆ... ಇಂಥವೇ.

"ಪಿಕ್ಚರ್ ನೋಡ್ರಿ ಸಾವ್ಕಾರ್ರೆ, ಹೊಡೆದಾಟದಾಗ ಹೀರೋ ಅಂಗಿ ಹರಿಯಾದು ಭುಜದ ಹೊಲಿಗ್ಯಾಗೇ. ಟೈಲರ್ ಮೊದ್ಲೇ ಅಲ್ಲಿ ಸಡ್ಲ ಬಿಟ್ಟಿರ್ತಾನೆ."

"ಹೊಲಿಗೆ ಅಲ್ಲ ಚಾಚಾ, ಬಟ್ಟೇನೇ ಪಿಸ್ದಿರ್ತೈತೆ. ಹಳೇ ಮಾಲು."

"ಹಂಗಾದ್ರ ನಿಮ್ ಅಂಗಡ್ಯಾಗೇ ತಗಂಡಿರ್ಬೇಕು ಬಿಡ್ರಿ!"

ಇದೊಂದೇ ವಿಷಯ ಎರಡು ಬೇಸಿಗೆ ನಡೆಯಿತು. ಫೋನ್ ತೆಗೆದು ನೋಡುವಂತಿಲ್ಲ ಎಂಬುದು ಅವರ ಕಟ್ಟಪ್ಪಣೆ. "ಫೋನ್ ನೋಡಿದ್ರ ಇವತ್ತಿಗೇ ಮುಗೀತೈತೆ. ನಾಳಿಗೆ ಏನ್ ಮಾತಾಡ್ತೀರಿ?" ಎನ್ನುವರು. ಇಬ್ಬರೂ ಸೋಲುತ್ತಿರಲಿಲ್ಲ. ಸೋಲದೇ ಇರುವುದೇ ನಮ್ಮ ದೋಸ್ತಿ.

ನನ್ನ ವ್ಯಾಪಾರದ ಗುಟ್ಟನ್ನು ಅವರು ಮೊದಲ ತಿಂಗಳಲ್ಲೇ ಹಿಡಿದಿದ್ದರು. ಚೌಕಾಸಿಯಲ್ಲಿ ಕೊನೆಯ ಮಾತು ಗಿರಾಕಿಯದೇ ಆಗಬೇಕು. "ಆಯ್ತಮ್ಮ, ನೀವೇ ಗೆದ್ರಿ" ಎಂದು ಮುಖ ಸಪ್ಪಗೆ ಮಾಡಿದರೆ ಆಕೆ ಖುಷಿಯಿಂದ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಅದನ್ನು ಕಂಡಾಗಲೆಲ್ಲ ಚಾಚಾ ಮೆಷಿನ್ ನಿಲ್ಲಿಸಿ ನಗುತ್ತಿದ್ದರು. "ಏನ್ ನಾಟ್ಕ ಸಾವ್ಕಾರ್ರೆ! ನನ್ ಮುಂದ ಮಾತ್ರ ಹಿಂಗ ಸೋಲಬ್ಯಾಡ್ರಿ. ನಾನು ನಿಮ್ ಗಿರಾಕಿ ಅಲ್ಲ."

ಆಮೇಲೆ ಅವರ ಹೊಟ್ಟೆನೋವು ಬಂತು. ಗ್ಯಾಸು ಅಂದರು, ಜೀರಿಗೆ ನೀರು ಕುಡಿದರು. ಪ್ಯಾಂಟು ಸಡಿಲವಾದಂತೆಲ್ಲ ತಾವೇ ಸೊಂಟದ ಪಟ್ಟಿ ಕಿರಿದು ಮಾಡಿ ಹೊಲಿದುಕೊಂಡರು. ಮೂರನೇ ಸಲ ಹೊಲಿದಾಗ ನಾನು ಅಂಗಡಿ ಬಾಗಿಲು ಹಾಕಿ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ತಡವಾಗಿತ್ತು. ಡಾಕ್ಟರು, ಹರಿಹರದಿಂದ ಓಡಿಬಂದಿದ್ದ ಅವರ ಹೆಂಡತಿ ಚಾಚಿಯನ್ನೂ ನನ್ನನ್ನೂ ಹೊರಗೆ ಕರೆದು, ಮನೆಗೆ ಕರೆದುಕೊಂಡು ಹೋಗಿ, ಇಷ್ಟವಾದದ್ದು ಕೊಡಿ ಎಂದರು.

ಚಾಚಿ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದರು. ಆಮೇಲೆ ನನ್ನ ಎರಡೂ ಕೈ ಹಿಡಿದರು. "ಅವ್ರಿಗೆ ಗೊತ್ತಾಗಬಾರ್ದು ಅಣ್ಣಾ. ಗೊತ್ತಾದ್ರ ಒಂದ್ ತುತ್ತೂ ಇಳ್ಯಾದಿಲ್ಲ. ನಂಗ ಮುಖದಾಗ ಮುಚ್ಚಿಡಾಕ ಬರಲ್ಲ, ನಿಮಗ ಬರ್ತೈತೆ. ನೀವೇ ಒಳಗ ಹೋಗ್ರಿ."

ಹೋದೆ. ನನ್ನ ಮುಖ ಯಾರಿಗೂ ಏನೂ ಬಿಟ್ಟುಕೊಡುವುದಿಲ್ಲ ಎಂಬ ಸೊಕ್ಕು ನನಗೂ ಇತ್ತು.

ಚಾಚಾ ಕಿಟಕಿ ಕಡೆ ಹೊರಳಿ ಮಲಗಿದ್ದರು. ಹೊರಗೆ ಕಿಟಕಿಯ ಸಜ್ಜೆಯ ಮೇಲೆ ಪಾರಿವಾಳ ಓಡಾಡುತ್ತಿತ್ತು.

"ಸಾವ್ಕಾರ್ರೆ, ಪಾರಿವಾಳ ಹೆಜ್ಜಿಗೊಂದ್ಸಲ ಕುತ್ತಿಗೆ ಯಾಕ ಆಡ್ಸತೈತೆ ಹೇಳ್ರಿ?"

"ಯಾಕ ಚಾಚಾ?"

"ಒಳಗ ಕುತ್ತಿಗೀಗೂ ಕಾಲಿಗೂ ಒಂದೇ ದಾರ. ಪೆಡಲ್ ತುಳಿದ್ರ ಸೂಜಿ ಆಡಲ್ವಾ? ಹಂಗ."

ಹೇಳಿ, ನನ್ನ ಕಡೆ ತಿರುಗಿ ಕಾದರು. ಬೇರೆ ದಿನವಾಗಿದ್ದರೆ, ಹಂಗಾದ್ರ ಕುತ್ತಿಗೆ ಆಡ್ಸದ ಗುಬ್ಬಚ್ಚಿಗೆ ದಾರ ಹರಿದೈತೇನು ಅಂತ ಎಗರಿಬಿಡುತ್ತಿದ್ದೆ. ಆದರೆ ಆ ಒಣಗಿದ ತುಟಿ, ಹಾಸಿಗೆಯಲ್ಲಿ ಕಾಣದಷ್ಟು ತೆಳ್ಳಗಾದ ಕಾಲು... ಒಂದು ಸಲವಾದರೂ ಗೆಲ್ಲಲಿ ಅನ್ನಿಸಿತು. "ಹೌದು ಚಾಚಾ, ನೀವ್ ಹೇಳಿದ್ದೇ ಖರೆ" ಅಂದುಬಿಟ್ಟೆ.

ಅವರು ಮೊಣಕೈ ಊರಿ ಅರ್ಧ ಎದ್ದರು.

"ನನ್ನೂ ಗಿರಾಕಿ ಮಾಡಿದ್ರಲ್ಲ, ಸಾವ್ಕಾರ್ರೆ." ದನಿ ಏರಲಿಲ್ಲ. "ಡಾಕ್ಟ್ರು ಏನಂದ್ರು?"

"ಇಲ್ಲ ಚಾಚಾ, ಗುಬ್ಬಚ್ಚಿ... ಗುಬ್ಬಚ್ಚಿಗೆ ಯಾಕ ದಾರ ಇಲ್ಲ ಹಂಗಾದ್ರ..." ತೊದಲಿದೆ. ನಾಲಿಗೆಯಿಂದ ಹೊಟ್ಟೆ ಹೊರೆದವನು ನಾನು, ಆ ಹೊತ್ತು ಒಂದು ವಾಕ್ಯ ಕೂಡಲಿಲ್ಲ. ಅವರು ಕೈ ಎತ್ತಿ ಸುಮ್ಮನಿರಿಸಿದರು.

"ಬ್ಯಾಡ, ಬಿಡ್ರಿ. ನಂಗ ಗೊತ್ತಾತು ಅಂತ ಇವ್ಳಿಗೆ ಹೇಳಬ್ಯಾಡ್ರಿ. ಗೊತ್ತಿಲ್ದಂಗ ಗಂಜಿ ಕುಡೀತೀನಿ."

ಹಾಗೇ ಕುಡಿದರು. ಚಾಚಿ ಕೊಟ್ಟಷ್ಟನ್ನೂ, ವಾಂತಿಯಾದರೂ ಮತ್ತೆ. ನಾನು ದಿನಬಿಟ್ಟು ದಿನ ಹರಿಹರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹುಚ್ಚುಹುಚ್ಚು ಮಾತು ಕಟ್ಟಿಕೊಂಡು ಹೋಗುತ್ತಿದ್ದೆ. ಮಂಡಕ್ಕಿಗೆ ಬಾಳೆಹಣ್ಣು ಕಲಸಿದರೇ ರುಚಿ ಅಂದೆ. ರೆಡಿಮೇಡ್ ಅಂಗಿಯ ಮುಂದೆ ಟೈಲರ್ ಹೊಲಿದದ್ದು ಏನೂ ಅಲ್ಲ ಅಂದೆ. ಒಂದು ಬೈಗುಳ ಸಿಕ್ಕರೆ ಸಾಕಿತ್ತು ನನಗೆ. ಅವರು ಸೂರು ನೋಡುತ್ತಾ, "ಇರಬಹುದು ಸಾವ್ಕಾರ್ರೆ" ಅನ್ನುತ್ತಿದ್ದರು. ಸಿಟ್ಟಿನಿಂದ ಅಲ್ಲ. ವಾದ ಮಾಡಲು ನಾಳೆ ಬೇಕಲ್ಲ, ಅದನ್ನು ನಾನು ಆಸ್ಪತ್ರೆಯಲ್ಲೇ ಕಸಿದುಕೊಂಡಿದ್ದೆ. ಇಪ್ಪತ್ತೆರಡನೆಯ ದಿನ ನಾನು ಹೋಗುವಷ್ಟರಲ್ಲಿ ಮನೆ ಮುಂದೆ ಚಪ್ಪಲಿಗಳ ರಾಶಿ ಇತ್ತು...

ರೋಗಿಯನ್ನು ನೋಡಲು ಹೋಗುವವರಿಗೆ ಹೇಳುತ್ತೇನೆ: ದಿನಾ ಜಗಳ ಆಡುತ್ತಿದ್ದರೆ ಅಲ್ಲೂ ಆಡಿ. ಕರುಣೆ ತೋರಿಸಲು ಹೋಗಿ ಅವರ ಎದುರು ತೀರ್ಪು ಓದಬೇಡಿ. ಈ ಬುದ್ಧಿ ನನಗೆ ಯಾರೂ ಹೇಳಿರಲಿಲ್ಲ.

ಈ ಸಲ ರಂಜಾನಿಗೆ ಮುಂಚೆ ಚಾಚಿ ಮೊಮ್ಮಗಳ ಬಟ್ಟೆಗೆಂದು ಅಂಗಡಿಗೆ ಬಂದಿದ್ದರು. ಹೊರಡುವಾಗ ಖಾಲಿ ಕಟ್ಟೆಯ ಹತ್ತಿರ ನಿಂತು ಹೇಳಿದರು. "ನಿಮ್ ಉಪಕಾರ ಮರೆಯಂಗಿಲ್ಲ ಅಣ್ಣಾ. ಕೊನೀಗಂಟ ಏನೂ ಗೊತ್ತಾಗ್ದಂಗ ನೆಮ್ಮದೀಲೆ ಹೋದ್ರು. ಅಲ್ವಾ?"

ಚಾಚಿಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

"ಹೌದು ಚಾಚಿ" ಅಂದೆ. ಅವರು ತೃಪ್ತಿಯಿಂದ ತಲೆ ಆಡಿಸಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ನನ್ನ ಆ ಒಂದು ಮಾತಿಗಾದರೂ, ಆ ಕಟ್ಟೆಯ ಮೇಲಿಂದ ಯಾರಾದರೂ ಮೆಷಿನ್ ನಿಲ್ಲಿಸಿ "ಇಲ್ಲ" ಅನ್ನಬೇಕಿತ್ತು. ಯಾರೂ ಅನ್ನಲಿಲ್ಲ.