ಕದಲದ ಸೈಕಲ್ಲಿನ ಮಲ್ಲಿಕಾಂಬ

ಕಡೂರಿನ ಕೊಬ್ಬರಿ ವ್ಯಾಪಾರಿ ತೀರ್ಥಪ್ಪನವರ ಮನೆಯಲ್ಲಿ ಬೆಳಗಿನ ಹೊತ್ತು ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತಿದ್ದವು. ಒಳಕೋಣೆಯಲ್ಲಿ ತೀರ್ಥಪ್ಪನವರು ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆಗೆ ಕುಳಿತಿರುತ್ತಿದ್ದರು. ಗೋಡೆಯ ಆಚೆ, ನಡುಮನೆಯಲ್ಲಿ, ಅವರ ಹೆಂಡತಿ ಮಲ್ಲಿಕಾಂಬ ಸೈಕಲ್ ತುಳಿಯುತ್ತಿದ್ದರು.

ಆ ಸೈಕಲ್ಲು ಎಲ್ಲಿಗೂ ಹೋಗುತ್ತಿರಲಿಲ್ಲ. ಅದರ ಹಿಂದಿನ ಚಕ್ರವನ್ನು ಕಬ್ಬಿಣದ ಒಂದು ಸ್ಟ್ಯಾಂಡು ಎರಡು ಕಡೆಯಿಂದ ಕಚ್ಚಿ ಹಿಡಿದು ನೆಲದಿಂದ ಮೇಲೆತ್ತಿತ್ತು. ಚಕ್ರವು ಒಂದು ಸಣ್ಣ ಉರುಳೆಗೆ ಒತ್ತಿಕೊಂಡು ಗುಂಯ್ ಎಂದು ತಿರುಗುತ್ತಿತ್ತು. ಇದಕ್ಕೆ ಟರ್ಬೊ ಟ್ರೈನರ್ ಎಂದು ಹೆಸರು. ಮಗಳು ದೀಪಶ್ರೀ ಕಾಲೇಜಿನಲ್ಲಿದ್ದಾಗ ಸೈಕಲ್ ಪಂದ್ಯಗಳಿಗೆ ಹೋಗುತ್ತಿದ್ದಳು. ಒಮ್ಮೆ ಮೊಣಕಾಲಿಗೆ ಪೆಟ್ಟಾದಾಗ ಮನೆಯಲ್ಲೇ ಅಭ್ಯಾಸ ಮಾಡಲೆಂದು ಇದನ್ನು ತರಿಸಿಕೊಂಡಿದ್ದಳು. ಮದುವೆಯಾಗಿ ತರೀಕೆರೆಗೆ ಹೋಗಿ, ಅಲ್ಲಿ ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲೆ ಹೊಸ ಸೈಕಲ್ಲು ಕೊಂಡಳು. ಹಳೆಯದು ಸ್ಟ್ಯಾಂಡಿನ ಸಮೇತ ತವರುಮನೆಯಲ್ಲಿ ಉಳಿಯಿತು. ಮಲ್ಲಿಕಾಂಬ ಅದರ ಮೇಲೆ ಕೆಲವು ಕಾಲ ಟವೆಲ್ಲು ಒಣಗಿಸಿದರು.

ಅಷ್ಟರಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಬಂತು. ದಿನವೂ ನಡೆಯಿರಿ ಎಂದರು ಡಾಕ್ಟರು. ಹೇಳಿದಷ್ಟು ಸುಲಭವೇ ಅದು? ಬೀದಿಗೆ ಕಾಲಿಟ್ಟರೆ ಸಾಕು, “ಎಲ್ಲಿಗೆ ಹೊರಟ್ರಿ?” ಎಂಬ ಪ್ರಶ್ನೆ ಎದುರಾಗುತ್ತಿತ್ತು. ಎಲ್ಲಿಗೂ ಇಲ್ಲ ಎಂದರೆ, “ಹಂಗಾದ್ರೆ ಬನ್ನಿ ಒಳಗೆ” ಎನ್ನುತ್ತಿದ್ದರು. ಹೀಗೆ ಬೀದಿಯ ಕೊನೆ ಮುಟ್ಟುವುದರೊಳಗೆ ಮೂರು ಮನೆಯ ಕಾಫಿ ಹೊಟ್ಟೆ ಸೇರಿರುತ್ತಿತ್ತು, ಮೂರಕ್ಕೂ ಸಕ್ಕರೆ ಬಿದ್ದಿರುತ್ತಿತ್ತು. ಸಂಗತಿ ತಿಳಿದ ದೀಪಶ್ರೀ ನಕ್ಕು ನಕ್ಕು ಸಾಕಾಗಿ, ಒಂದು ಭಾನುವಾರ ಬಂದವಳೇ ಟವೆಲ್ಲು ತೆಗೆದು ತಾಯಿಯನ್ನು ಸೈಕಲ್ಲಿನ ಮೇಲೆ ಹತ್ತಿಸಿದಳು. ಎದುರಿನ ಟೀವಿಯಲ್ಲಿ ತರಬೇತಿ ವಿಡಿಯೋ ಹಾಕಿಕೊಟ್ಟಳು.

ವಿಡಿಯೋದಲ್ಲಿ ನರೆತ ಮೀಸೆಯ ಸಣಕಲು ಬಿಳಿಯನೊಬ್ಬ ಕೆರೆಯ ದಂಡೆಯ ಮೇಲೆ, ಹಿಮದ ಗುಡ್ಡಗಳ ನಡುವೆ ಸೈಕಲ್ ಹೊಡೆಯುತ್ತ ಹೇಗೆ ತುಳಿಯಬೇಕೆಂದು ಹೇಳಿಕೊಡುತ್ತಿದ್ದ. ಮಾತೆಲ್ಲ ಇಂಗ್ಲಿಷು. ಮಲ್ಲಿಕಾಂಬ ಓದಿದ್ದು ದೇವನೂರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಆದರೂ ಅವನ ಕೈಬೆರಳು, ಹುಬ್ಬು, ದನಿಯ ಏರಿಳಿತ ನೋಡಿಯೇ ಎಲ್ಲವೂ ಅರ್ಥವಾಯಿತು. ದನಿ ಏರಿದರೆ ದಿಬ್ಬ, ಇಳಿದರೆ ವಿಶ್ರಾಂತಿ. ನಡುನಡುವೆ ಅವನು ಕ್ಯಾಮೆರಾದ ಕಡೆ ತಿರುಗಿ, “ಗುಡ್, ವೆರಿ ಗುಡ್” ಎನ್ನುತ್ತಿದ್ದ. ಮೂವತ್ತು ವರ್ಷ ಒಲೆಯ ಮುಂದೆ ನಿಂತ ಮಲ್ಲಿಕಾಂಬರಿಗೆ ಕೆಲಸದ ನಡುವೆ ಯಾರೂ ಹಾಗೆ ಹೇಳಿರಲಿಲ್ಲ. ಊಟವಾದ ಮೇಲೆ ಉಪ್ಪು ಹೆಚ್ಚಾಗಿತ್ತು ಎಂದವರುಂಟು, ಅಷ್ಟೆ.

ಅವರು ಅವನಿಗೆ ಉತ್ತರ ಕೊಡತೊಡಗಿದರು. ಹಾಲು ತರುವ ಹಾಲಮ್ಮ ಒಂದು ದಿನ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು.

“ಯಾರತ್ರ ಮಾತಾಡ್ತಿದ್ದೀರಿ ಅಕ್ಕಾ?”

“ನಮ್ಮ ಮೇಷ್ಟ್ರ ಹತ್ರ ಕಣೇ. ತಡಿ, ದಿಬ್ಬ ಬಂತು.”

ಹಾಲಮ್ಮ ತಂಬಿಗೆ ಹಿಡಿದು ದಿಬ್ಬ ಮುಗಿಯುವವರೆಗೂ ಕಾದಳು.

ರಸ್ತೆ ತಿರುಗಿದಾಗ ಮಲ್ಲಿಕಾಂಬರ ಮೈಯೂ ಅತ್ತಲೇ ವಾಲುತ್ತಿತ್ತು. ಆ ದೇಶದಲ್ಲಿ ಗಾಡಿಗಳು ರಸ್ತೆಯ ಬಲಗಡೆ ಹೋಗುತ್ತವೆ. ಅದು ಮಾತ್ರ ಅವರಿಗೆ ಒಗ್ಗಲೇ ಇಲ್ಲ. ಎದುರಿನಿಂದ ಲಾರಿ ಬಂದಾಗಲೆಲ್ಲ, “ಎಡಕ್ಕೆ ಬಾರಪ್ಪಾ, ಎಡಕ್ಕೆ!” ಎಂದು ಕೂಗುತ್ತಿದ್ದರು. ಗೋಡೆಯ ಆಚೆ ತೀರ್ಥಪ್ಪನವರು ಮಂತ್ರ ತಪ್ಪಿ ಮತ್ತೆ ಮೊದಲಿನಿಂದ ಹಿಡಿಯಬೇಕಾಗುತ್ತಿತ್ತು. ಮೊದಮೊದಲು ಗದರಿದರು. ಕ್ರಮೇಣ ಚಕ್ರದ ಗುಂಯ್ಗುಟ್ಟುವಿಕೆ ಅವರ ಪೂಜೆಯೊಳಗೇ ಸೇರಿಹೋಯಿತು.

ಸಕ್ಕರೆ ಇಳಿಯಿತು. ಕಾಲಿಗೆ ಬಲ ಬಂತು. ಬೀದಿಯವರು ಅವರನ್ನು ಸೈಕಲ್ ಮಲ್ಲಕ್ಕ ಎಂದು ಕರೆಯಲಾರಂಭಿಸಿದರು. ನಿಮಗೆ ಸೈಕಲ್ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ತಮ್ಮನ್ನು ತಾವೇ ಕೇಳಿಕೊಳ್ಳಲೂ ಅವರಿಗೆ ಹೊಳೆಯಲಿಲ್ಲ. ಹುಡುಗಿಯಾಗಿದ್ದಾಗ ಅಣ್ಣ ಸೈಕಲ್ ಕಲಿಯುವಾಗ ಹಿಂದಿನ ಕ್ಯಾರಿಯರ್ ಹಿಡಿದುಕೊಂಡು ಓಡಿದ್ದರು. ಸೀಟಿನ ಮೇಲೆ ಕೂತವರಲ್ಲ. ಈಗ ದಿನವೂ ಕೂರುತ್ತಿದ್ದಾರೆ. ಕಾಲು ತಿರುಗುತ್ತದೆ, ರಸ್ತೆ ಹಿಂದಕ್ಕೆ ಸರಿಯುತ್ತದೆ, ಬೆವರು ಸುರಿಯುತ್ತದೆ. ಸೈಕಲ್ ಹೊಡೆಯುವುದೆಂದರೆ ಇನ್ನೇನು?

ಆದ್ದರಿಂದ ದೀಪಶ್ರೀ ಫೋನಿನಲ್ಲಿ, “ದೀಪಾವಳಿ ಆದ ಭಾನುವಾರ ನಾವು ಗೆಳತಿಯರೆಲ್ಲ ತರೀಕೆರೆಯಿಂದ ಬೀರೂರಿಗೆ ಸೈಕಲ್ಲಲ್ಲಿ ಬರ್ತೀವಮ್ಮ. ನೀನು ಕಡೂರಿಂದ ಬಾ. ಸ್ಟೇಷನ್ ಹತ್ರ ತಿಂಡಿ ತಿನ್ನೋಣ” ಎಂದಾಗ, ಅವರು ಹಿಂದೆಮುಂದೆ ನೋಡದೆ, “ಬತ್ತೀನಿ” ಎಂದುಬಿಟ್ಟರು.

ಬೀರೂರಿಗೆ ಅವರು ಲೆಕ್ಕವಿಲ್ಲದಷ್ಟು ಸಲ ಹೋಗಿದ್ದರು. ಬಸ್ಸಿನಲ್ಲಿ, ಮದುವೆ ದಿಬ್ಬಣದ ವ್ಯಾನಿನಲ್ಲಿ, ಗಂಡನ ಮೊಪೆಡ್ಡಿನ ಹಿಂದಿನ ಸೀಟಿನಲ್ಲಿ. ಯಾವಾಗಲೂ ಯಾರೋ ಕರೆದುಕೊಂಡು ಹೋಗಬೇಕಿತ್ತು. ಈ ಸಲ ತಾವೇ ಹೋಗುವುದು. ಆ ಆಸೆ ಎಷ್ಟು ದೊಡ್ಡದೆಂದು ಹಾಲಮ್ಮನಿಗೆ ಹೇಳುವಾಗಲೇ ಅವರಿಗೆ ಗೊತ್ತಾದದ್ದು. ಸಂಜೆಯೊಳಗೆ ಸುದ್ದಿ ಬೀದಿಗೆಲ್ಲ ಹಬ್ಬಿತು.

ಆಯುಧಪೂಜೆ ಬಂತು. ಮಗಳು, ಅಳಿಯ ಹಬ್ಬಕ್ಕೆ ಬಂದಿದ್ದರು. ತೀರ್ಥಪ್ಪನವರು ಕೊಬ್ಬರಿ ತೂಗುವ ತಕ್ಕಡಿ, ಮೊಪೆಡ್ಡು, ಮಿಕ್ಸಿ ಎಲ್ಲಕ್ಕೂ ವಿಭೂತಿ ಹಚ್ಚಿ ಹೂವಿಟ್ಟರು. ನಡುಮನೆಯ ಸೈಕಲ್ಲಿಗೂ ಒಂದು ಸೇವಂತಿಗೆ ಮಾಲೆ ಬಿತ್ತು. ಪೂಜೆಯಾದ ವಾಹನಗಳ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಅದರ ಮೇಲೆ ಹಾಯಿಸಿ, ಒಂದು ಸುತ್ತು ಹೋಗಿ ಬರುವುದು ಪದ್ಧತಿ. ಮೊಪೆಡ್ಡು ಹೋಗಿ ಬಂತು. ಹಾಲಮ್ಮ ಸೈಕಲ್ಲಿನ ಹಿಂದಿನ ಚಕ್ರವನ್ನು ಬಗ್ಗಿ ನೋಡಿದಳು. ನೆಲಕ್ಕೂ ಚಕ್ರಕ್ಕೂ ನಡುವೆ ನಿಂಬೆಹಣ್ಣು ಸಲೀಸಾಗಿ ಉರುಳಾಡುವಷ್ಟು ಜಾಗವಿತ್ತು.

“ಇದೇನ್ ಬುದ್ಧೀ, ಪೂಜೆ ಆದ ಗಾಡಿ ನಿಂತ ಜಾಗದಲ್ಲೇ ನಿಂತ್ರೆ ಆಯ್ತದಾ? ಒಂದು ಸುತ್ತು ಹೋಗ್ಲೇಬೇಕು ಕಣ್ರೀ.”

“ಹೌದಲ್ವಾ” ಎಂದರು ತೀರ್ಥಪ್ಪ. ಅಳಿಯನೂ ದೀಪಶ್ರೀಯೂ ಸೇರಿ ಸ್ಟ್ಯಾಂಡು ಬಿಚ್ಚಿ, ಸೈಕಲ್ಲನ್ನು ಬೀದಿಗೆ ತಂದು ನಿಲ್ಲಿಸಿದರು. ಎರಡೂ ಚಕ್ರಕ್ಕೆ ನಿಂಬೆಹಣ್ಣು ಬಿತ್ತು. ಯಾರು ಹೊಡೆಯಬೇಕೆಂಬ ಮಾತೇ ಬರಲಿಲ್ಲ. ಮಲ್ಲಿಕಾಂಬ ಮಗಳ ಹಳೆಯ ಚೂಡಿದಾರ ತೊಟ್ಟು ನಗುನಗುತ್ತ ಬಂದು, ದಿನದಂತೆ ಸೀಟಿನ ಮೇಲೆ ಕುಳಿತು, ದಿನದಂತೆ ಎರಡೂ ಕಾಲುಗಳನ್ನು ಪೆಡಲಿನ ಮೇಲಿಟ್ಟರು. ಅಳಿಯ ಕೈ ಬಿಟ್ಟ.

ನಿಂಬೆಹಣ್ಣು ಹಾಗೇ ಉಳಿಯಿತು. ಸೈಕಲ್ಲು ಎಡಕ್ಕೆ ವಾಲಿ, ಸೇವಂತಿಗೆ ಮಾಲೆಯ ಸಮೇತ, ಮಲ್ಲಿಕಾಂಬರನ್ನು ಹಾಲಮ್ಮನ ಕಾಲ ಬುಡದಲ್ಲಿ ಕೆಡವಿತು.

ಮೊಣಕೈ ತರಚಿತ್ತು, ಅಷ್ಟೆ. ದೀಪಶ್ರೀ ಎತ್ತಿ ಕೂರಿಸಿ, ಮುಖವನ್ನೇ ನೋಡುತ್ತ ಕೇಳಿದಳು. “ಅಮ್ಮಾ, ನಿಂಗೆ ಸೈಕಲ್ ಬರಲ್ವಾ?”

“ಬತ್ತದೆ ಕಣೇ” ಎಂದರು ಮಲ್ಲಿಕಾಂಬ ದಿಗ್ಭ್ರಮೆಯಿಂದ. “ಆ ಸ್ಟ್ಯಾಂಡಿನ ಮೇಲೆ ಬತ್ತದೆ.”

ಬೀದಿಯೇ ನಕ್ಕಿತು. ಅವರೂ ನಕ್ಕರು. ಆದರೆ ಹೊರಡುವಾಗ ಮಗಳು ಬೆನ್ನು ಸವರಿ, “ಪರವಾಗಿಲ್ಲ ಬಿಡಮ್ಮ, ಬೀರೂರಿಗೆ ಅಪ್ಪನ ಜೊತೆ ಗಾಡೀಲಿ ಬಾ” ಎಂದಳಲ್ಲ, ಆ ಮಾತು ಮೊಣಕೈಗಿಂತ ಹೆಚ್ಚು ನೋಯಿಸಿತು. ಮತ್ತೆ ಹಿಂದಿನ ಸೀಟು.

ಸೈಕಲ್ಲು ಸ್ಟ್ಯಾಂಡಿಗೆ ಮರಳಲಿಲ್ಲ. ಗೋಡೆಗೆ ಒರಗಿ ನಿಂತಿತು. ಮೇಷ್ಟ್ರ ವಿಡಿಯೋವನ್ನು ಒಮ್ಮೆ ಹಾಕಿ ನೋಡಿದರು. ಅವನು ಎಂದಿನಂತೆ ತಿರುಗಿ, “ವೆರಿ ಗುಡ್” ಎಂದ. ಮಲ್ಲಿಕಾಂಬ ಟೀವಿ ಆರಿಸಿದರು. ತಾವು ಹತ್ತಿದ ಗುಡ್ಡಗಳೆಲ್ಲ ಯಾರದೋ ಗುಡ್ಡಗಳು, ಬೆವರು ಮಾತ್ರ ತಮ್ಮದು ಎನ್ನಿಸಿತು.

ತೀರ್ಥಪ್ಪನವರು ಹೆಚ್ಚು ಮಾತಿನವರಲ್ಲ. “ಈ ವಯಸ್ಸಲ್ಲಿ ಮೂಳೆ ಮುರಿದ್ರೆ ಯಾರು ನೋಡೋರು? ಸಾಕು ಇಷ್ಟು” ಎಂದಿದ್ದರು. ಆದರೆ ಅವರ ಪೂಜೆ ಕೆಟ್ಟಿತು. ಗೋಡೆಯ ಆಚೆ ಸದ್ದಿಲ್ಲ. ಕಣ್ಣು ಮುಚ್ಚಿದರೆ ಆ ಮೌನವೇ ಕೇಳುತ್ತಿತ್ತು. ಕೆಲವು ದಿನ ತಡೆದುಕೊಂಡರು. ಒಂದು ಬೆಳಗ್ಗೆ ಪೂಜೆ ಮುಗಿಸಿ ಎದ್ದವರು ನೇರವಾಗಿ ಹೋಗಿ ಸೈಕಲ್ಲಿನ ಹ್ಯಾಂಡಲ್ ಹಿಡಿದರು.

“ಬಾ.”

“ಎಲ್ಲಿಗ್ರೀ?”

“ಮಂಡಿ ಹಿಂದಕ್ಕೆ. ಅಲ್ಲಿ ಯಾರೂ ನೋಡಲ್ಲ.”

ತೀರ್ಥಪ್ಪನವರ ಕೊಬ್ಬರಿ ಮಂಡಿಯ ಹಿಂದೆ ಕೊಬ್ಬರಿ ಒಣಗಿಸುವ ದೊಡ್ಡ ಅಂಗಳವಿತ್ತು. ಅಂಚಿನಲ್ಲಿ ತೆಂಗಿನ ಮಟ್ಟೆಯ ರಾಶಿ. ಅವರು ಸ್ಪ್ಯಾನರ್ ತೆಗೆದುಕೊಂಡು ಮೊದಲು ಸೀಟನ್ನು ಕೆಳಕ್ಕೆ ಇಳಿಸಿದರು. ಮಲ್ಲಿಕಾಂಬ ಬೆಚ್ಚಿದರು.

“ಅಯ್ಯೋ, ಇಷ್ಟು ಕೆಳಗೆ ಇಡಬಾರದು. ಕಾಲು ನೆಟ್ಟಗೆ ಚಾಚಬೇಕು ಅಂತ ಮೇಷ್ಟ್ರು ತೋರಿಸಿದ್ದಾರೆ.”

“ನಿಮ್ಮ ಮೇಷ್ಟ್ರು ಬಿದ್ದಿಲ್ಲ. ಬಿದ್ದೋಳು ನೀನು. ಎರಡು ಕಾಲೂ ನೆಲಕ್ಕೆ ತಾಗ್ಬೇಕು.”

ಆಮೇಲೆ ಪೆಡಲುಗಳನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡರು. ನೆಲವನ್ನು ಒದ್ದು ಒದ್ದು ಮುಂದೆ ಹೋಗು, ಸೈಕಲ್ಲು ಎತ್ತ ಬೀಳುತ್ತದೋ ಅತ್ತಲೇ ಹ್ಯಾಂಡಲ್ ತಿರುಗಿಸು ಎಂದರು. ಇದು ಯಾವ ವಿಡಿಯೋದಲ್ಲೂ ಬಂದಿರಲಿಲ್ಲ. ಬೀಳುವ ಕಡೆಗೇ ತಿರುಗುವುದೆಂದರೆ ಏನು? ಮಲ್ಲಿಕಾಂಬ ವಿರುದ್ಧ ದಿಕ್ಕಿಗೆ ತಿರುಗಿಸಿದರು, ಮಟ್ಟೆಯ ರಾಶಿಯ ಮೇಲೆ ಬಿದ್ದರು. ಮತ್ತೆ ಹಾಗೇ ತಿರುಗಿಸಿದರು, ಮತ್ತೆ ಬಿದ್ದರು. ಮಟ್ಟೆಯ ನಾರು ಜಡೆಯ ತುಂಬ ಸಿಕ್ಕಿಕೊಂಡಿತು. ಕೊನೆಗೊಂದು ದಿನ ಬೀಳುವ ಕಡೆಗೇ ತಿರುಗಿಸಿ ನೋಡಿದರು, ಬೀಳಲಿಲ್ಲ.

ಪೆಡಲು ಮರಳಿ ಹಾಕಿದ ದಿನ ತೀರ್ಥಪ್ಪನವರು ಸೀಟಿನ ಹಿಂಭಾಗ ಹಿಡಿದುಕೊಂಡು ಹಿಂದೆ ಓಡಿದರು. ಪಂಚೆಯನ್ನು ಎತ್ತಿ ಕಟ್ಟಿದ್ದರು. “ನನ್ನ ನೋಡ್ಬೇಡ, ಮುಂದೆ ನೋಡು” ಎಂದು ಕೂಗುತ್ತ ಅಂಗಳದ ಒಂದು ಸುತ್ತು ಮುಗಿಸುವುದರೊಳಗೆ ಅವರಿಗೆ ಏದುಸಿರು ಹತ್ತಿ, ಒಂದು ಕೊಬ್ಬರಿ ಚೀಲದ ಮೇಲೆ ಕುಸಿದರು. ಮಲ್ಲಿಕಾಂಬರಿಗೆ ಏನೂ ಆಗಿರಲಿಲ್ಲ. ಬೆವರು ಕೂಡ ಬಂದಿರಲಿಲ್ಲ. ಅವರು ಸೈಕಲ್ಲಿನಿಂದ ಇಳಿದು ಗಂಡನ ಎದುರು ಕುಳಿತು ಬೆರಳೆತ್ತಿದರು.

“ಮೂಗಲ್ಲಿ ಎಳ್ಕೊಳ್ರಿ. ಬಾಯಲ್ಲಿ ಬಿಡ್ರಿ. ಭುಜ ಸಡಿಲ ಮಾಡಿ. ಹೂಂ, ಗುಡ್. ವೆರಿ ಗುಡ್.”

ತೀರ್ಥಪ್ಪನವರು ಹೆಂಡತಿಯನ್ನು ದಿಟ್ಟಿಸಿ ನೋಡಿದರು. ಆಮೇಲೆ ಉಸಿರು ಬಿಡುವುದನ್ನೂ ಮರೆತು ನಗತೊಡಗಿದರು. ಮಲ್ಲಿಕಾಂಬರಿಗೆ ಆಗ ಒಂದು ಸಂಗತಿ ಮನಸ್ಸಿಗೆ ಬಂತು. ಇಷ್ಟು ದಿನ ತುಳಿದದ್ದು ಎಲ್ಲಿಗೂ ಹೋಗಿರಲಿಲ್ಲ ನಿಜ. ಆದರೆ ಕಾಲಿನಲ್ಲಿ, ಎದೆಯಲ್ಲಿ ಉಳಿದುಕೊಂಡಿತ್ತು. ಬರಬೇಕಾದ್ದು ಇನ್ನು ಸ್ವಲ್ಪವೇ.

ಅದು ಬಂದದ್ದು ಒಂದು ಸಂಜೆ, ಯಾವ ಸದ್ದೂ ಇಲ್ಲದೆ. ಗಂಡ ಹಿಂದೆ ಹಿಡಿದಿದ್ದಾರೆಂದೇ ತಿಳಿದು ಅಂಗಳದ ಮೂಲೆಯಲ್ಲಿ ತಿರುಗಿದಾಗ, ಅವರು ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತದ್ದು ಕಾಣಿಸಿತು. ಬೀಳಬೇಕೆಂದು ಮಲ್ಲಿಕಾಂಬರಿಗೆ ನೆನಪಾಗುವುದರೊಳಗೆ ಇನ್ನೊಂದು ಸುತ್ತು ಮುಗಿದಿತ್ತು. ಮಗಳಿಗೆ ಇಬ್ಬರೂ ಹೇಳಲಿಲ್ಲ.

ದೀಪಾವಳಿಯಾದ ಭಾನುವಾರ, ಮಂಜು ಇನ್ನೂ ಹೊಲದ ಮೇಲಿರುವಾಗಲೇ ಇಬ್ಬರೂ ಹೊರಟರು. ಮುಂದೆ ಸೈಕಲ್ಲು, ಕೂಗಳತೆಯಲ್ಲಿ ಹಿಂದೆ ಮೊಪೆಡ್ಡು. ಹಾಲಮ್ಮ ಬೀದಿಯ ತಿರುವಿನಲ್ಲಿ ನಿಂತು, “ಉಷಾರು ಕಣಕ್ಕೋ, ಅಲ್ಲಿ ಬೀಳೋಕೆ ನನ್ನ ಕಾಲಿರಲ್ಲ!” ಎಂದು ಕೂಗಿದಳು.

ಹೆದ್ದಾರಿ ಅಂಗಳದಂತಲ್ಲ. ಮೊದಲ ಲಾರಿ ಪಕ್ಕದಲ್ಲಿ ಹಾದಾಗ ಅದರ ಗಾಳಿಗೇ ಸೈಕಲ್ಲು ತತ್ತರಿಸಿತು. ಮಲ್ಲಿಕಾಂಬ ಇಳಿದು ನಿಂತುಬಿಟ್ಟರು. ಕುರಿಯ ಮಂದೆ ಬಂದಾಗ ಮತ್ತೆ ಇಳಿದರು. ಎರಡನೆಯ ಸಲ ಬೇಗನೆ ಹತ್ತಲಿಲ್ಲ, ಹ್ಯಾಂಡಲ್ ಹಿಡಿದು ರಸ್ತೆಯಂಚಿನಲ್ಲೇ ನಿಂತರು. ಹಿಂದೆ ಮೊಪೆಡ್ಡೂ ನಿಂತಿತು. ತೀರ್ಥಪ್ಪನವರು ಹತ್ತಿರ ಬರಲಿಲ್ಲ, ಹಿಂದಿನ ಸೀಟಿಗೆ ಬಾ ಎಂದೂ ಕರೆಯಲಿಲ್ಲ. ಎಂಜಿನ್ ಆರಿಸಿ, ರಾಗಿ ಹೊಲದ ಕಡೆ ಮುಖ ಮಾಡಿ ಸುಮ್ಮನೆ ಕುಳಿತರು. ಮಲ್ಲಿಕಾಂಬ ಉಸಿರು ಬಿಟ್ಟು, ಭುಜ ಸಡಿಲಿಸಿ, ಮತ್ತೆ ಹತ್ತಿದರು.

ಏರು ಬಂತು. ಅಲ್ಲಿ ಮಾತ್ರ ಅವರಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಗೇರು ಇಳಿಸಿದರು, ತಲೆ ತಗ್ಗಿಸಿದರು, ಕಾಲುಗಳು ತಾವಾಗಿ ಲಯ ಹಿಡಿದವು. ಮೇಲೆ ಮುಟ್ಟಿದಾಗ ಎದುರಿಗೆ ಗಾಳಿ ಬೀಸಿತು. ನಡುಮನೆಯಲ್ಲಿ ಆ ಗಾಳಿ ಇರಲಿಲ್ಲ. ಕಿವಿಯ ಹತ್ತಿರ ಬೀಸಿ, ಬೆವರನ್ನು ಒರೆಸಿಕೊಂಡು ಹೋಯಿತು.

ಬೀರೂರಿನಲ್ಲಿ ಸ್ಟೇಷನ್ ಹತ್ತಿರದ ಹೋಟೆಲಿನ ಮುಂದೆ ದೀಪಶ್ರೀ ಗೆಳತಿಯರೊಡನೆ ನಿಂತು, ಅಪ್ಪನ ಮೊಪೆಡ್ಡಿಗಾಗಿ ರಸ್ತೆ ನೋಡುತ್ತಿದ್ದಳು. ಬಂದದ್ದು ತನ್ನದೇ ಹಳೆಯ ಸೈಕಲ್ಲು. ಅದರ ಮೇಲೆ ಅಮ್ಮ, ತಲೆ ನೆಟ್ಟಗೆ, ಎರಡೂ ಕೈ ಬಿಗಿಹಿಡಿದು.

“ಅಮ್ಮಾ! ಇಲ್ಲೇ, ಇಲ್ಲೇ!”

ಸೈಕಲ್ಲು ನಿಲ್ಲದೆ ಮುಂದಕ್ಕೆ ಹೋಯಿತು. ದೀಪಶ್ರೀ ಗಾಬರಿಯಿಂದ ತನ್ನ ಸೈಕಲ್ಲು ಹತ್ತಿ ಬೆನ್ನಟ್ಟಿ, ಪಕ್ಕಕ್ಕೆ ಬಂದಳು.

“ನಿಲ್ಲಿಸೋಕೆ ಬರಲ್ವಾ ಅಮ್ಮಾ? ಹೆದರ್ಬೇಡ, ನಿಧಾನಕ್ಕೆ ಬ್ರೇಕ್ ಹಿಡಿ, ಎಡಗಾಲು ಕೆಳಗಿಡು…”

“ಎಲ್ಲಾ ಬತ್ತದೆ ಕಣೇ” ಎಂದರು ಮಲ್ಲಿಕಾಂಬ, ರಸ್ತೆಯಿಂದ ಕಣ್ಣು ಕೀಳದೆ. “ನಿಲ್ಲಕ್ಕೆ ಮನಸ್ಸಿಲ್ಲ. ಸುಮ್ನೆ ಬಾ, ಇನ್ನೊಂಚೂರು ಹೋಗಿ ಬರೋಣ.”

ದೀಪಶ್ರೀ ತಾಯಿಯ ಬಲಗಡೆಗೆ, ಲಾರಿಗಳು ಬರುವ ಕಡೆಗೆ, ಸರಿದುಕೊಂಡು ಜೊತೆಯಲ್ಲಿ ತುಳಿದಳು.

ತೀರ್ಥಪ್ಪನವರು ಹೋಟೆಲಿನ ಮುಂದೆ ಮೊಪೆಡ್ಡು ನಿಲ್ಲಿಸಿ, ಹೋದ ಎರಡು ಸೈಕಲ್ಲುಗಳನ್ನು ಕಣ್ಣಿಗೆ ಕೈ ಮರೆಮಾಡಿ ನೋಡಿದರು. ಆಮೇಲೆ ಬೆರಗಾಗಿ ನಿಂತಿದ್ದ ಹುಡುಗಿಯರ ಕಡೆ ತಿರುಗಿದರು.

“ನಡೀರಮ್ಮ ಒಳಗೆ, ಇಡ್ಲಿ ಹೇಳೋಣ. ಅವರು ಬರೋದು ತಡ ಆಗ್ತದೆ.”