ಬೋನಸ್ ಕವಚ ತೊಡುವ ಹೊತ್ತು

ಮೊನ್ನೆ ಸಂಜೆ ಹೊಸ ವಿಡಿಯೋ ಗೇಮ್ ಒಂದನ್ನು ಶುರು ಮಾಡಿದೆ ನೋಡಿ, ಪರದೆಯ ಮೇಲೆ 'ಬೋನಸ್: ಬಂಗಾರದ ಕವಚ' ಎಂದು ಬಂತು. ನನ್ನ ಬೆರಳು ತಾನಾಗಿಯೇ ಅದನ್ನು ಆಟದೊಳಗಿನ ಪೆಟ್ಟಿಗೆಗೆ ಸೇರಿಸಲು ಹೊರಟಿತು. ನನಗೇ ನಗು ಬಂತು.

ಹಾಗೆ ತೆಗೆದಿಡುವುದು ನಮ್ಮ ಹೊಳಲ್ಕೆರೆ ಮನೆಯ ಪದ್ಧತಿ. ಹೊಸ ಲೋಟ ನೆಂಟರಿಗೆ, ಹೊಸ ಚಾದರ ನೆಂಟರಿಗೆ. ನೆಂಟರು ಬಂದರೋ, ಇನ್ನೂ ದೊಡ್ಡ ನೆಂಟರಿಗೆ! ನಾನೂ ಅದೇ ಮನೆಯ ಮಗಳಲ್ಲವೇ? ಓದುವ ದಿನಗಳಲ್ಲಿ ಅಕ್ಕನೂ ನಾನೂ ಒಂದೇ ಕಂಪ್ಯೂಟರಿನಲ್ಲಿ, ಪಾತ್ರವನ್ನು ಬೆಳೆಸುತ್ತಾ ಹೋಗುವ ಆಟವೊಂದನ್ನು ಆಡುತ್ತಿದ್ದೆವು. ನಮ್ಮದು ಕತ್ತಿ ಹಿಡಿದ ಹುಡುಗಿ. ಆಟದ ಜೊತೆ ಪುಕ್ಕಟೆ ಬಂದ ಕವಚವನ್ನು ಆಟದ ಕೊನೆಯಲ್ಲಿ ಎದುರಾಗುವ ಡ್ರ್ಯಾಗನ್ನಿನ ಕಾಳಗಕ್ಕೆಂದು ನಾನು ಎತ್ತಿಟ್ಟೆ. ಪಾಪ, ಆ ಹುಡುಗಿ ಹರಕು ಚರ್ಮದಂಗಿಯಲ್ಲಿ ಮೊದಲನೇ ಸೇತುವೆಯ ತೋಳಗಳ ಬಾಯಿಗೆ ಬೀಳುತ್ತಲೇ ಇದ್ದಳು.

"ಲೇ, ಹಾಕೇ ಅದನ್ನ! ಪೆಟ್ಟಿಗೇಲಿಟ್ಟು ಪೂಜೆ ಮಾಡ್ತೀಯೇನು?" ಎಂದು ಅಕ್ಕ ರೇಗುತ್ತಿದ್ದಳು.

"ಮುಂದೆ ಬೇಕಾಗ್ತೈತೆ ಕಣಕ್ಕ," ಎನ್ನುತ್ತಿದ್ದೆ ನಾನು, ದೊಡ್ಡ ಸಂಸಾರಸ್ಥೆಯ ಹಾಗೆ.

ಅಷ್ಟರಲ್ಲಿ ಅಕ್ಕನಿಗೆ ಹೊಸದುರ್ಗದಲ್ಲಿ ಕೆಲಸ ಸಿಕ್ಕಿತು. ಸೇತುವೆಯ ಆಚೆ ಏನಿದೆಯೆಂದು ಇಬ್ಬರೂ ಕೂಡಿ ನೋಡಬೇಕೆಂಬುದೊಂದೇ ನನ್ನ ಆಸೆ. ಅವಳು ಹೊರಡುವ ದಿನ ಬಂದರೂ ನಾವು ಈಚೆ ದಡದಲ್ಲೇ ಇದ್ದೆವು. ನನಗೆ ಅಳುವೇ ಬಂತು. ಬಸ್ಸಿಗೆ ಹೊರಟಿದ್ದ ಅಕ್ಕ ಚೀಲ ಕೆಳಗಿಟ್ಟು, ನನ್ನ ಕೈಯಿಂದ ಮೌಸ್ ಕಿತ್ತುಕೊಂಡು, ಹುಡುಗಿಗೆ ಕವಚ ತೊಡಿಸಿಯೇಬಿಟ್ಟಳು. "ನಾನಿರೋವಾಗ್ಲೇ ಮೆರೀಲಿ ಬಿಡೇ!"

ಅಬ್ಬಬ್ಬಾ! ತೋಳಗಳು ಬಾಲ ಮುದುರಿಕೊಂಡು ಓಡಿದವು. ಆಚೆ ದಡದಲ್ಲಿ ಹೂವಿನ ಬಯಲು, ಅದರಾಚೆ ಒಂದು ಪೇಟೆ. ನಾವು ಕೂಗಿದ ಕೂಗಿಗೆ ಅಮ್ಮ ಸೌಟು ಹಿಡಿದೇ ಓಡಿಬಂದಳು.

"ಬಸ್ಸು ಹೋಯ್ತಲ್ರೇ!"

"ಇನ್ನೊಂದೈತೆ ಬಿಡಮ್ಮ."

ಇನ್ನೊಂದೂ ಹೋಯಿತು. ಅಮ್ಮ ಬೈಯುತ್ತಲೇ ಕುರ್ಚಿ ಎಳೆದುಕೊಂಡು ನಮ್ಮ ಜೊತೆ ಕುಳಿತಳು.

ಡ್ರ್ಯಾಗನ್ನನ್ನು ಎಷ್ಟೋ ದಿನಗಳ ಮೇಲೆ ನಾನೊಬ್ಬಳೇ ಕೊಂದೆ. ಅಷ್ಟು ಹೊತ್ತಿಗೆ ಆ ಪೇಟೆಯ ಯಾವ ಅಂಗಡಿಗೆ ಹೋದರೂ ಬೋನಸ್ ಕವಚಕ್ಕಿಂತ ಗಟ್ಟಿಯಾದದ್ದು ಸಿಗುತ್ತಿತ್ತು! ನಾವಿನ್ನೂ ಬಡಪಾಯಿಗಳಾಗಿರುವಾಗ ತೊಡಲೆಂದೇ ಅದನ್ನು ಕೊಟ್ಟಿರುತ್ತಾರೆ. ನನ್ನ ಜಾಣತನಕ್ಕೆ ಅದು ಹೊಳೆದಿರಲಿಲ್ಲ. ಡ್ರ್ಯಾಗನ್ ಬಿತ್ತು, ಆದರೆ ಪಕ್ಕದಲ್ಲಿ ಅಕ್ಕ ಇರಲಿಲ್ಲ. ಕೂಗಲೂ ಮನಸ್ಸಾಗಲಿಲ್ಲ.

ಈಗಿನ ಆಟಗಳನ್ನು ಎರಡು ಊರುಗಳಲ್ಲಿ ಕುಳಿತೂ ಕೂಡಿ ಆಡಬಹುದು; ಈ ಹೊಸ ಆಟವನ್ನು ಅಕ್ಕನೂ ಕೊಂಡಿದ್ದಳು. ಮೊನ್ನೆ ಕವಚ ತೊಟ್ಟುಕೊಂಡವಳೇ ಹೊಸದುರ್ಗಕ್ಕೆ ಫೋನ್ ಮಾಡಿದೆ.

"ಅಕ್ಕ, ಬೋನಸ್ ಹಾಕ್ಕಂಡೆ. ಬೇಗ ಆಟಕ್ಕೆ ಬಾ."

"ಹೌದೇನೇ! ಎದ್ರಿಗೆ ಏನೈತೆ?"

"ಒಂದು ಕೋಳಿ."

ಅಕ್ಕ ನಕ್ಕಳು, ನಕ್ಕಳು, ಮಾತೇ ಹೊರಡದಷ್ಟು ನಕ್ಕಳು. ಆಮೇಲೆ ಉಸಿರು ಎಳೆದುಕೊಂಡು ಕಿರುಚಿದಳು: "ತಡಿಯೇ, ಅದನ್ನ ಮುಟ್ಟಬ್ಯಾಡ, ನಾನೂ ಹಾಕ್ಕಂಡು ಬಂದೆ!"